ಅಲೀಸ್ ಗ್ರೀನ್ ಅವರ ಕಾಗದಗಳನ್ನು ಹುಡುಕಿಕೊಂಡು: ಡಬ್ಲಿನ್‌ನಿಂದ ಲಂಡನ್‌ವರೆಗೆ

ಅಲೀಸ್ ಸ್ಟಾಪ್‌ಫರ್ಡ್ ಗ್ರೀನ್ ಅವರ ಕಾಗದಗಳನ್ನು ಓದುವ ಕೆಲಸ ಹೋದ ವಾರ ಮುಗಿಯಿತು. ಡಬ್ಲಿನ್‌ನಲ್ಲಿ ಎರಡು ಕಡೆ, ಲಂಡನ್‌ನಲ್ಲಿ ಒಂದು ಕಡೆ ಕೂತು ಓದಿದೆ. ಶುರು ಮಾಡುವಾಗ ನನಗೆ ದಾರಿ ಹೇಳುವವರು ಯಾರೂ ಇರಲಿಲ್ಲ. ನಾನು ಇತಿಹಾಸದ ಪ್ರೊಫೆಸರ್ ಅಲ್ಲ, ಯಾವ ವಿಶ್ವವಿದ್ಯಾಲಯಕ್ಕೂ ಸೇರಿದವಳಲ್ಲ. ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ಬಳ್ಳಾರಿಯವಳು. ಹಳೆಯ ಕಾಗದಪತ್ರ ಓದಬೇಕು ಅಂತ ಆಸೆಯಿದ್ದು, ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದೆ ಸುಮ್ಮನಾಗಿರುವವರು ನನ್ನ ಹಾಗೆ ಇನ್ನೂ ಇರುತ್ತಾರೆ. ಅವರಿಗೆ ಅನುಕೂಲವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅಲೀಸ್ ಹುಟ್ಟಿದ್ದು 1847ರಲ್ಲಿ, ಐರ್ಲೆಂಡಿನ ಮೀತ್ ಕೌಂಟಿಯ ಕೆಲ್ಸ್ ಎಂಬ ಊರಿನಲ್ಲಿ. ತಂದೆ ಚರ್ಚಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಹುಡುಗಿಗೆ ಕಾಲೇಜು ಇರಲಿಲ್ಲ. ಹರೆಯದಲ್ಲಿ ಕಣ್ಣಿನ ತೊಂದರೆ ಬಂದು ವರ್ಷಗಟ್ಟಲೆ ಅರೆಗತ್ತಲಲ್ಲಿ ಕಳೆದರು. ಕಲಿತದ್ದೆಲ್ಲ ಮನೆಯಲ್ಲಿ, ತಮ್ಮ ಹಟದಿಂದ. ತಂದೆ ತೀರಿಕೊಂಡ ಮೇಲೆ ಲಂಡನ್‌ಗೆ ಹೋದರು. 1877ರಲ್ಲಿ ಇತಿಹಾಸಕಾರ ಜಾನ್ ರಿಚರ್ಡ್ ಗ್ರೀನ್ ಅವರನ್ನು ಮದುವೆಯಾದರು. ಗಂಡ ಕಾಯಿಲೆಯ ಮನುಷ್ಯ. ಅವರು ಹೇಳುತ್ತಿದ್ದದ್ದನ್ನು ಇವರು ಬರೆದುಕೊಳ್ಳುತ್ತಿದ್ದರು, ಹಾಗೆ ಬರೆಯುತ್ತಲೇ ಇತಿಹಾಸಕಾರರ ಕೆಲಸ ಕಲಿತರು. 1883ರಲ್ಲಿ ಗಂಡ ತೀರಿಹೋದಾಗ ಅವರಿಗೆ ಮೂವತ್ತೈದು ವರ್ಷ. ಗಂಡನ ಅರ್ಧಕ್ಕೆ ನಿಂತ ಪುಸ್ತಕವನ್ನು ಮುಗಿಸಿ ಅಚ್ಚು ಹಾಕಿಸಿದರು. ಆಮೇಲೆ ತಮ್ಮದೇ ಪುಸ್ತಕಗಳನ್ನು ಬರೆದರು. 1908ರಲ್ಲಿ ಬಂದ ಐರ್ಲೆಂಡಿನ ಇತಿಹಾಸದ ಪುಸ್ತಕವಂತೂ ದೊಡ್ಡ ಜಗಳವನ್ನೇ ಎಬ್ಬಿಸಿತು. ಇಂಗ್ಲಿಷರು ಬರುವ ಮೊದಲು ಐರಿಷ್ ಜನ ಕಾಡು ಜನ ಅಲ್ಲ, ಅವರಿಗೆ ವ್ಯಾಪಾರ ಇತ್ತು, ವಿದ್ಯೆ ಇತ್ತು ಅಂತ ದಾಖಲೆ ಹಿಡಿದು ವಾದಿಸಿದ್ದು ಕೆಲವರಿಗೆ ಸಹಿಸಲಾಗಲಿಲ್ಲ. ರಾಯಲ್ ಡಬ್ಲಿನ್ ಸೊಸೈಟಿ ಆ ಪುಸ್ತಕವನ್ನು ತನ್ನ ಗ್ರಂಥಾಲಯಕ್ಕೆ ಸೇರಿಸಿಕೊಳ್ಳಲೇ ಇಲ್ಲ.

ನನಗೆ ಅವರ ಹೆಸರು ಸಿಕ್ಕಿದ್ದು ಬೇರೆ ದಾರಿಯಲ್ಲಿ. ಬೋಯರ್ ಅಂದರೆ ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಜನ. ಅವರ ಜೊತೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರು ಸೆರೆ ಹಿಡಿದವರನ್ನು ಹಡಗು ಹತ್ತಿಸಿ ದೂರದ ಜಾಗಗಳಿಗೆ ಕಳಿಸಿದರು. ಸೇಂಟ್ ಹೆಲೆನಾ ದ್ವೀಪ, ಸಿಲೋನ್, ಬರ್ಮುಡಾ, ಆಮೇಲೆ ಭಾರತ. ಭಾರತದಲ್ಲಿ ಅವರನ್ನು ಇಟ್ಟ ಜಾಗಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಈ ಬೋಯರ್ ಕೈದಿಗಳ ಬಗ್ಗೆ ಓದುತ್ತಾ ಹೋದಾಗ, 1900ರಲ್ಲಿ ಒಬ್ಬ ವಿಧವೆ, ವಯಸ್ಸು ಐವತ್ತು ದಾಟಿದವರು, ಸೇಂಟ್ ಹೆಲೆನಾಗೆ ಹಡಗಿನಲ್ಲಿ ಹೋಗಿ ಡೆಡ್‌ವುಡ್ ಎಂಬ ಶಿಬಿರದಲ್ಲಿ ಕೈದಿಗಳ ಜೊತೆ ಕೂತು ಮಾತಾಡಿ ಬಂದರು ಅನ್ನುವುದು ಗೊತ್ತಾಯಿತು. ತಮ್ಮ ದೇಶದ ಸರ್ಕಾರ ಶತ್ರು ಅಂದವರನ್ನು ಕಾಣಲು ಒಬ್ಬ ಹೆಂಗಸು ಅಷ್ಟು ದೂರ ಹೋದದ್ದು ಯಾಕೆ? ಅದು ನನ್ನನ್ನು ಬಿಡಲಿಲ್ಲ. ಅವರ ಕಾಗದಗಳೂ, ಆ ಪ್ರಯಾಣದ ದಿನಚರಿಯೂ ಡಬ್ಲಿನ್‌ನ ನ್ಯಾಷನಲ್ ಲೈಬ್ರರಿಯಲ್ಲಿವೆ ಅಂತ ತಿಳಿದಾಗ, ನಾನು ದಿನಾ ಬಸ್ಸಿನಲ್ಲಿ ಹಾದು ಹೋಗುವ ಊರಿನಲ್ಲೇ ಇದೆಯಲ್ಲ ಅನ್ನಿಸಿತು.

ಮೊದಲ ಹೆಜ್ಜೆ ರೀಡರ್ಸ್ ಟಿಕೆಟ್. ಕಿಲ್ಡೇರ್ ಸ್ಟ್ರೀಟ್‌ನಲ್ಲಿರುವ ಈ ಲೈಬ್ರರಿಯಲ್ಲಿ ಅದಕ್ಕೆ ದುಡ್ಡಿಲ್ಲ. ಸಂಶೋಧಕರಾಗಿರಬೇಕು ಅಂತಲೂ ಇಲ್ಲ. ಫೋಟೋ ಇರುವ ಗುರುತಿನ ಚೀಟಿ ಬೇಕು, ವಿಳಾಸಕ್ಕೆ ಪುರಾವೆ ಬೇಕು. ನನಗೆ ತಡವಾದದ್ದು ವಿಳಾಸದ ವಿಷಯದಲ್ಲೇ. ಇಲ್ಲಿ ಕೋಣೆ ಹಂಚಿಕೊಂಡು ಇರುವವರಿಗೆಲ್ಲ ಈ ಕಷ್ಟ ಗೊತ್ತು. ಕರೆಂಟ್ ಬಿಲ್ ಇನ್ನೊಬ್ಬರ ಹೆಸರಿನಲ್ಲಿ, ಇಂಟರ್ನೆಟ್ ಬಿಲ್ ಮತ್ತೊಬ್ಬರ ಹೆಸರಿನಲ್ಲಿ. ಮನೆ ಮಾಲೀಕರನ್ನು ಒಂದು ಪತ್ರ ಕೊಡಿ ಅಂತ ಕೇಳಿದೆ, ಅದು ಬರಲೇ ಇಲ್ಲ. ಕೊನೆಗೆ ಬ್ಯಾಂಕಿನಿಂದ ವಿಳಾಸ ಇರುವ ಸ್ಟೇಟ್‌ಮೆಂಟ್ ತರಿಸಿಕೊಂಡೆ. ನೀವು ಹೋಗುವ ಯೋಚನೆ ಇದ್ದರೆ ಈ ಕಾಗದವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಬಾಕಿಯದು ಸಲೀಸು. ಅಲ್ಲೇ ಫೋಟೋ ತೆಗೆದು ಟಿಕೆಟ್ ಕೊಡುತ್ತಾರೆ.

ಟಿಕೆಟ್ ಸಿಕ್ಕ ಖುಷಿಯಲ್ಲಿ ಗುಮ್ಮಟದ ಓದುಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತೆ. 1890ರಿಂದ ಜನ ಓದುತ್ತಿರುವ ಕೋಣೆ ಅದು, ಹಸಿರು ದೀಪಗಳು, ಎತ್ತರದ ಗುಮ್ಮಟ. ಆದರೆ ಹಸ್ತಪ್ರತಿ ಓದುವ ವ್ಯವಸ್ಥೆ ಬೇರೆ. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿನವರೆಗೆ ಅನ್ನುವುದನ್ನು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳಿ. ಯಾವ ಫೋಲ್ಡರ್ ಬೇಕು ಅಂತ ಮೊದಲೇ ಹೇಳಿದರೆ ಮಾತ್ರ ತೆಗೆದಿಟ್ಟಿರುತ್ತಾರೆ. ಕೆಲಸಕ್ಕೆ ರಜೆ ಹಾಕಿ ಹೋಗುವ ನನ್ನಂಥವರಿಗೆ ಇದು ಬಹಳ ಮುಖ್ಯ.

ಯಾವ ಫೋಲ್ಡರ್ ಬೇಕು ಅಂತ ಗೊತ್ತಾಗುವುದೇ ಕಷ್ಟ, ಅಲ್ವಾ? ಅಲೀಸ್ ಅವರ ಕಾಗದಗಳು ಒಂದೇ ಸಾಲು ನಂಬರಿನಲ್ಲಿ ಇಲ್ಲ. ಬೇರೆ ಬೇರೆ ಗುಂಪುಗಳಾಗಿ ಇವೆ. ಕೆಲವು ಬರೆದವರ ಹೆಸರಿನಡಿ ಇವೆ, ಕೆಲವು ವಿಷಯದಡಿ. ಲೈಬ್ರರಿಯ ಕ್ಯಾಟಲಾಗ್‌ನಲ್ಲಿ ಬರೀ 'ಗ್ರೀನ್' ಅಂತ ಹುಡುಕಿದರೆ ಸಂಬಂಧವೇ ಇಲ್ಲದ ನೂರಾರು ಸಾಲುಗಳು ಬರುತ್ತವೆ. ಹೆಸರನ್ನು ಪೂರ್ತಿ ಕೊಡಿ, ಆಮೇಲೆ 'ಮಿಸೆಸ್ ಜೆ. ಆರ್. ಗ್ರೀನ್' ಅಂತಲೂ ಕೊಡಿ. ಆ ಕಾಲದಲ್ಲಿ ಹೆಂಗಸರನ್ನು ಗಂಡನ ಹೆಸರಿನಿಂದಲೇ ಕರೆಯುತ್ತಿದ್ದರಲ್ಲ, ಹಾಗಾಗಿ ಅವರ ಪುಸ್ತಕಗಳ ಮೇಲೂ ಕೆಲವೊಮ್ಮೆ ಅದೇ ಹೆಸರು. ಮುಖ್ಯವಾಗಿ, ಅವರಿಗೆ ಪತ್ರ ಬರೆದವರ ಹೆಸರುಗಳ ಪಟ್ಟಿಯೊಂದನ್ನು ಮಾಡಿಕೊಂಡು ಒಂದೊಂದೇ ಹೆಸರಿನಿಂದ ಹುಡುಕಿ. ನಾನು ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕೂತು ಇದನ್ನು ಮಾಡಿದೆ. ಬೇಸರದ ಕೆಲಸವೇ, ಆದರೆ ಆ ಪಟ್ಟಿ ಇಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಓದುವ ದಿನ ಬ್ಯಾಗು, ಕೋಟು, ನೀರಿನ ಬಾಟಲಿ ಎಲ್ಲ ಹೊರಗೆ. ಒಳಗೆ ಪೆನ್ಸಿಲ್, ಕಾಗದ, ಲ್ಯಾಪ್‌ಟಾಪ್ ಅಷ್ಟೆ. ಪೆನ್ ಒಯ್ಯುವ ಹಾಗಿಲ್ಲ. ಸಿನಿಮಾದಲ್ಲಿ ತೋರಿಸುವ ಬಿಳಿ ಕೈಗವಸು ಬೇಕಾಗಲಿಲ್ಲ. ಕೈಗವಸು ಹಾಕಿದರೆ ಬೆರಳಿಗೆ ಕಾಗದ ಸರಿಯಾಗಿ ತಿಳಿಯುವುದಿಲ್ಲ, ಹರಿದುಹೋಗುವ ಭಯ ಜಾಸ್ತಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿದ್ದರೆ ಸಾಕು. ಹೋಗುವ ಮುಂಚೆ ಕೈಗೆ ಕ್ರೀಮ್ ಹಚ್ಚಿಕೊಳ್ಳಬೇಡಿ.

ಮೊದಲು ತೆಗೆಸಿದ್ದು ಸೇಂಟ್ ಹೆಲೆನಾ ದಿನಚರಿ. ಅದನ್ನು ಓದುವ ಮೊದಲು ಒಂದು ಹಿನ್ನೆಲೆ ತಿಳಿದಿರಬೇಕು. ಅಲೀಸ್ ಅವರಿಗೆ ಮೇರಿ ಕಿಂಗ್ಸ್‌ಲಿ ಅಂತ ಒಬ್ಬ ಗೆಳತಿ ಇದ್ದರು. ಪಶ್ಚಿಮ ಆಫ್ರಿಕಾದಲ್ಲಿ ಒಬ್ಬರೇ ಸುತ್ತಾಡಿ ಹೆಸರಾದವರು. ಬೋಯರ್ ಯುದ್ಧ ಶುರುವಾದಾಗ ಕಿಂಗ್ಸ್‌ಲಿ ನರ್ಸ್ ಆಗಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಬಳಿಯ ಸೈಮನ್ಸ್‌ಟೌನ್‌ಗೆ ಹೋದರು. ಅಲ್ಲಿ ಬೋಯರ್ ಕೈದಿಗಳ ಆರೈಕೆ ಮಾಡುತ್ತಾ ಟೈಫಾಯ್ಡ್ ತಗುಲಿ 1900ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅಲೀಸ್ ಸೇಂಟ್ ಹೆಲೆನಾಗೆ ಹೊರಟರು. ಗೆಳತಿ ಬಿಟ್ಟುಹೋದ ಕೈದಿಗಳನ್ನು ಇವರು ಹುಡುಕಿಕೊಂಡು ಹೋದರು ಅಂತ ನನಗೆ ಅನ್ನಿಸುತ್ತದೆ. ದಿನಚರಿಯ ಪುಟ ತಿರುಗಿಸುವಾಗ ಇದು ತಲೆಯಲ್ಲಿದ್ದರೆ ಓದುವ ರೀತಿಯೇ ಬೇರೆ. ಬಳ್ಳಾರಿಯ ಹೆಸರು ಎಲ್ಲಾದರೂ ಬರುತ್ತದಾ ಅಂತ ಕಣ್ಣು ಹುಡುಕುತ್ತಲೇ ಇತ್ತು. ನಾನು ಓದಿದ ಪುಟಗಳಲ್ಲಿ ಅದು ಸಿಗಲಿಲ್ಲ. ಸ್ವಲ್ಪ ಬೇಜಾರಾಯಿತು. ಆದರೆ ಬಳ್ಳಾರಿಗೆ ಬಂದವರಂಥದ್ದೇ ಜನ, ಹೊಲ ಮನೆ ಬಿಟ್ಟು ಸಮುದ್ರ ದಾಟಿ ತಂತಿ ಬೇಲಿಯ ಒಳಗೆ ಕೂತವರು, ಆ ಪುಟಗಳಲ್ಲಿ ಇದ್ದರು. ಅವರನ್ನು ಯಾರೋ ಒಬ್ಬರು ಕೂರಿಸಿಕೊಂಡು ಕೇಳಿದ್ದರು. ಬಳ್ಳಾರಿಯಲ್ಲಿ ಇದ್ದವರನ್ನು ಹಾಗೆ ಕೇಳಿದವರು ಯಾರಾದರೂ ಇದ್ದರೋ ಏನೋ.

ದಿನಚರಿ ಆದ ಮೇಲೆ ಪತ್ರಗಳು. ನಿಜವಾದ ಕಷ್ಟ ಇಲ್ಲಿ ಶುರುವಾಯಿತು. ಅಲೀಸ್ ಅವರ ಪತ್ರ ಸಂಗ್ರಹ ಅಂದಾಗ ಅಲೀಸ್ ಬರೆದ ಪತ್ರಗಳು ಇರುತ್ತವೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಇರುವುದು ಹೆಚ್ಚಾಗಿ ಅವರಿಗೆ ಬಂದ ಪತ್ರಗಳು. ಯೋಚಿಸಿದರೆ ಸಹಜವೇ. ನಾವು ಬರೆದ ಕಾಗದ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ, ಅಂಚೆ ಪೆಟ್ಟಿಗೆಗೆ ಹೋಗುತ್ತದೆ. ಮೇಜಿನ ಡ್ರಾಯರಿನಲ್ಲಿ ಉಳಿಯುವುದು ಬಂದದ್ದು. ಪಕ್ಕದಲ್ಲಿ ಕೂತವರು ಫೋನಿನಲ್ಲಿ ಮಾತಾಡುವಾಗ ನಮಗೆ ಒಂದು ಕಡೆಯದು ಮಾತ್ರ ಕೇಳಿಸುತ್ತದಲ್ಲ, ಹಾಗಿತ್ತು. ಅದೂ ನನಗೆ ಬೇಕಾದವರ ಮಾತಲ್ಲ, ಎದುರಿನವರದು. ಆ ದಿನ ಸಂಜೆ ಬಸ್ಸಿನಲ್ಲಿ ಬರುವಾಗ ತುಂಬಾ ಸೋತ ಹಾಗೆ ಅನ್ನಿಸಿತು. ಇಷ್ಟೆಲ್ಲ ರಜೆ ಹಾಕಿ ಹೋಗಿ ಅವರ ಧ್ವನಿಯೇ ಸಿಗದಿದ್ದರೆ ಏನು ಮಾಡುವುದು?

ಆದರೂ ಬಂದ ಪತ್ರಗಳನ್ನು ಓದದೆ ಮುಂದೆ ಹೋಗಬೇಡಿ. ಯಾರು ಒಬ್ಬರಿಗೆ ಮನಸ್ಸು ಬಿಚ್ಚಿ ಬರೆಯುತ್ತಾರೆ ಅನ್ನುವುದರಿಂದಲೇ ಆ ವ್ಯಕ್ತಿ ಎಂಥವರು ಅಂತ ಗೊತ್ತಾಗುತ್ತದೆ. ಅಲೀಸ್ ಅವರಿಗೆ ಬರೆದವರಲ್ಲಿ ರೋಜರ್ ಕೇಸ್‌ಮೆಂಟ್ ಇದ್ದಾರೆ. ಕಾಂಗೋದಲ್ಲಿ ಬೆಲ್ಜಿಯಂ ರಾಜ ಲಿಯೋಪೋಲ್ಡ್ ರಬ್ಬರಿಗಾಗಿ ನಡೆಸಿದ ಕ್ರೌರ್ಯವನ್ನು ವರದಿ ಮಾಡಿ ಜಗತ್ತಿಗೆ ತಿಳಿಸಿದವರು. ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದವರು ಕೊನೆಗೆ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಅದೇ ಸರ್ಕಾರದಿಂದ 1916ರ ಆಗಸ್ಟ್ 3ರಂದು ನೇಣಿಗೇರಿದರು. 1907ರ ಏಪ್ರಿಲ್ 20ರಂದು ಅವರು ಅಲೀಸ್‌ಗೆ ಬರೆದ ಪತ್ರ ಇತಿಹಾಸ ಓದುವವರಿಗೆ ಗೊತ್ತಿರುವಂಥದ್ದೇ. ಕಾಂಗೋದ ಒಂಟಿ ಕಾಡುಗಳಲ್ಲಿ ಲಿಯೋಪೋಲ್ಡ್‌ನನ್ನು ಕಂಡುಕೊಂಡ ಹಾಗೆಯೇ ತನ್ನನ್ನೂ ಕಂಡುಕೊಂಡೆ, ತಿದ್ದಲಾಗದ ಐರಿಷ್ ಮನುಷ್ಯನನ್ನು ಕಂಡುಕೊಂಡೆ ಅಂತ ಅದರಲ್ಲಿ ಹೇಳಿದ್ದಾರೆ. ಒಮ್ಮೆ ಬೇಟೆಗೆ ಗುರಿಯಾಗಿದ್ದ ಇನ್ನೊಂದು ಜನರ ಕಣ್ಣಿನಿಂದ ಆ ದುರಂತವನ್ನು ನೋಡುತ್ತಿದ್ದೇನೆ ಅನ್ನುವುದು ಆಗ ಅರಿವಾಯಿತು ಅಂತಲೂ ಇದೆ. ಇಂಥ ಮಾತನ್ನು ಒಬ್ಬ ಸರ್ಕಾರಿ ಅಧಿಕಾರಿ ಎಲ್ಲರಿಗೂ ಬರೆಯುವುದಿಲ್ಲ. ಅಲೀಸ್‌ಗೆ ಬರೆದರು. ಆ ಸಾಲುಗಳು ನನಗೆ ಪುಸ್ತಕದಿಂದ ಪರಿಚಯವಿದ್ದವೇ. ಆದರೂ ಓದುತ್ತಾ ಕಣ್ಣು ತುಂಬಿ ಬಂತು.

ಕೈಬರಹದ ಬಗ್ಗೆ ಹೇಳಲೇಬೇಕು. ಕೇಸ್‌ಮೆಂಟ್ ಕೈಬರಹ ಮೊದಲು ಒಂದಕ್ಷರವೂ ಹತ್ತಲಿಲ್ಲ. ಗಾಬರಿಯಾಗಬೇಡಿ. ಒಂದು ಪತ್ರದಲ್ಲಿ ನಿಮಗೆ ಖಂಡಿತ ಗೊತ್ತಿರುವ ಪದಗಳನ್ನು, ಊರಿನ ಹೆಸರು, ತಿಂಗಳು, ಒಕ್ಕಣೆ, ಸಹಿ ಇವನ್ನು ಮೊದಲು ಗುರುತಿಸಿ. ಅವರ 'ಎಸ್' ಹೇಗೆ, 'ಟಿ' ಹೇಗೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಓದಲಾಗದ ಪದ ಮಧ್ಯಾಹ್ನ ತಾನಾಗಿಯೇ ಓದಿಸಿಕೊಳ್ಳುತ್ತದೆ. ಒಂದೇ ದಿನ ಇಬ್ಬರು ಮೂವರ ಕೈಬರಹಕ್ಕೆ ಕೈ ಹಾಕಬೇಡಿ.

ತಾರೀಖು ಇನ್ನೊಂದು ತಲೆನೋವು. 'ಮಂಗಳವಾರ' ಅಂತ ಮಾತ್ರ ಬರೆದಿರುತ್ತಾರೆ, ವರ್ಷವೇ ಇರುವುದಿಲ್ಲ. ಬರೆದ ಊರು ಆಗ ಸಹಾಯಕ್ಕೆ ಬರುತ್ತದೆ. ಕೇಸ್‌ಮೆಂಟ್ ಬ್ರಿಟಿಷ್ ಕಾನ್ಸಲ್ ಆಗಿ ಬ್ರೆಜಿಲ್‌ನಲ್ಲಿ ಮೊದಲು ಸಾಂಟೋಸ್, ಆಮೇಲೆ ಪಾರಾ, ಆಮೇಲೆ ರಿಯೋದಲ್ಲಿ ಇದ್ದರು. ಅವರು ಯಾವಾಗ ಎಲ್ಲಿದ್ದರು ಅಂತ ಒಂದು ಪಟ್ಟಿ ಹತ್ತಿರ ಇದ್ದರೆ ವರ್ಷ ಹಿಡಿಯಬಹುದು. ವಾರ ಮತ್ತು ತಾರೀಖು ಎರಡೂ ಇದ್ದರೆ ಹಳೆಯ ಕ್ಯಾಲೆಂಡರ್ ತೆಗೆದು ನೋಡಿ. ಆ ತಿಂಗಳ ಆ ತಾರೀಖು ಆ ವಾರವೇ ಬಿದ್ದ ವರ್ಷಗಳು ಕೆಲವೇ ಇರುತ್ತವೆ.

ಫೋಟೋ ತೆಗೆಯುವ ನಿಯಮ ಒಂದೊಂದು ಕಡೆ ಒಂದೊಂದು ರೀತಿ. ಮೊದಲೇ ಕೇಳಿ, ಫಾರಂ ಇದ್ದರೆ ತುಂಬಿ. ತೆಗೆಯಲು ಬಿಟ್ಟರೆ ಪ್ರತಿ ಫೋಲ್ಡರ್ ಶುರುವಾಗುವಾಗ ಅದರ ನಂಬರ್ ಬರೆದ ಚೀಟಿಯ ಫೋಟೋ ಮೊದಲು ತೆಗೆದುಕೊಳ್ಳಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಹಾಳೆ ಯಾವುದರದು ಅಂತ ಗೊತ್ತಾಗುವುದಿಲ್ಲ.

ಡಬ್ಲಿನ್‌ನಲ್ಲಿ ಖರ್ಚು ಹೆಚ್ಚೇನಿಲ್ಲ. ಬಸ್ಸಿಗೆ ಬಳಸುವ ಲೀಪ್ ಕಾರ್ಡ್ ಇದ್ದರೆ ಬಸ್ಸಿಗೆ 90 ನಿಮಿಷಕ್ಕೆ 2 ಯೂರೋ. ನಾನು ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಸೇಂಟ್ ಸ್ಟೀವನ್ಸ್ ಗ್ರೀನ್ ಪಾರ್ಕಿನ ಬೆಂಚಿನಲ್ಲಿ ತಿನ್ನುತ್ತಿದ್ದೆ. ಪಾರ್ಕಿನ ಸುತ್ತ ಇರುವ ಮನೆಗಳಲ್ಲಿ 90ನೇ ನಂಬರ್ ಅಲೀಸ್ ಅವರದಾಗಿತ್ತು. 1918ರಲ್ಲಿ ಲಂಡನ್ ಬಿಟ್ಟು ಅಲ್ಲಿಗೆ ಬಂದರು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬ್ರಿಟಿಷ್ ಸಿಪಾಯಿಗಳು ಆ ಮನೆಯನ್ನು ಮತ್ತೆ ಮತ್ತೆ ಜಾಲಾಡಿದರು. ಆಮೇಲೆ 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆಗಳ ಕಚೇರಿಯೇ ಸುಟ್ಟುಹೋಯಿತು. ಐರ್ಲೆಂಡಿನ ಶತಮಾನಗಳ ದಾಖಲೆ ಒಂದೇ ದಿನದಲ್ಲಿ ಬೂದಿಯಾಯಿತು. ದಾಖಲೆ ನೋಡಿ ಇತಿಹಾಸ ಬರೆಯಬೇಕು ಅಂತ ಜೀವನ ಪೂರ್ತಿ ಹೇಳಿದವರು ಅದೇ ಊರಿನಲ್ಲಿ ಇದ್ದು ಅದನ್ನು ಕಂಡರು. ಅಂಥ ವರ್ಷಗಳನ್ನು ದಾಟಿ ಈ ಕಾಗದಗಳು ಉಳಿದಿವೆ ಅಂದರೆ ಅದು ಸಣ್ಣ ಮಾತಲ್ಲ.

ಇನ್ನು ಅವರ ಧ್ವನಿ ಹುಡುಕುವ ಕೆಲಸ. ಅವರು ಬರೆದ ಪತ್ರ ಅವರು ಯಾರಿಗೆ ಬರೆದರೋ ಅವರ ಪೆಟ್ಟಿಗೆಯಲ್ಲಿ ಇರಬೇಕು. ಹಾಗಾಗಿ ನನ್ನ ಹೆಸರಿನ ಪಟ್ಟಿಯನ್ನೇ ಹಿಡಿದು, ಆ ಜನರ ಕಾಗದಪತ್ರ ಈಗ ಎಲ್ಲಿವೆ ಅಂತ ಒಂದೊಂದಾಗಿ ನೋಡಿದೆ. ಓಯಿನ್ ಮ್ಯಾಕ್‌ನೀಲ್ ಅವರವು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಆರ್ಕೈವ್ಸ್‌ನಲ್ಲಿ ಇವೆ. ಮ್ಯಾಕ್‌ನೀಲ್ ಐರಿಷ್ ಭಾಷೆ ಉಳಿಸಲು 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಒಬ್ಬರು, ಪ್ರಾಚೀನ ಐರಿಷ್ ಇತಿಹಾಸದ ಪ್ರೊಫೆಸರ್. ಅಲೀಸ್ ಅವರಿಗೆ ಹಳೆಯ ಐರ್ಲೆಂಡಿನ ವಿಷಯದಲ್ಲಿ ದೊಡ್ಡ ಆಸರೆ. ಆ ಕಾಲೇಜಿನ ಬೆಲ್‌ಫೀಲ್ಡ್ ಕ್ಯಾಂಪಸ್‌ಗೆ ಬಸ್ಸಿದೆ, ಹೊರಗಿನವರೂ ಹೋಗಬಹುದು, ಆದರೆ ಮೊದಲೇ ಬರೆದು ಸಮಯ ಕೇಳಿಕೊಂಡು ಹೋಗಬೇಕು. ಏನು ಓದಬೇಕು, ಯಾಕೆ ಅಂತ ನಾಲ್ಕು ಸಾಲು ಬರೆದರೆ ಸಾಕು. ಡಿಗ್ರಿ ಕೇಳಲಿಲ್ಲ.

ಇನ್ನೊಂದು ಮುಖ್ಯ ಹೆಸರು ಇ. ಡಿ. ಮೊರೆಲ್. ಕಾಂಗೋ ಚಳವಳಿಯನ್ನು ಕೇಸ್‌ಮೆಂಟ್ ಜೊತೆ ಸೇರಿ 1904ರಲ್ಲಿ ಕಟ್ಟಿದವರು. ಕಿಂಗ್ಸ್‌ಲಿ ನೆನಪಿಗೆ ಅಲೀಸ್ 1901ರಲ್ಲಿ ಆಫ್ರಿಕನ್ ಸೊಸೈಟಿ ಶುರು ಮಾಡಿದ್ದರು. ಆಫ್ರಿಕಾದ ವಿಷಯದಲ್ಲಿ ಮೊರೆಲ್ ಬೆನ್ನಿಗೆ ನಿಂತವರಲ್ಲಿ ಅವರೂ ಒಬ್ಬರು. ಮೊರೆಲ್ ಪತ್ರಗಳಿರುವುದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಲೈಬ್ರರಿಯಲ್ಲಿ. ಲಂಡನ್ ಅಂದ ಕೂಡಲೇ ನಮಗೆ ವೀಸಾ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಐರ್ಲೆಂಡಿನ ರೆಸಿಡೆನ್ಸ್ ಕಾರ್ಡ್ ಇದ್ದರೂ ಬ್ರಿಟನ್‌ಗೆ ಬೇರೆ ವೀಸಾ ಬೇಕು. ಇಲ್ಲಿಯ ಸ್ನೇಹಿತರು 'ಗಡಿಯಲ್ಲಿ ಯಾರೂ ಕೇಳಲ್ಲ' ಅಂತಾರೆ. ಅದು ಐರಿಷ್, ಬ್ರಿಟಿಷ್ ಪ್ರಜೆಗಳಿಗೆ ಇರುವ ಸೌಲಭ್ಯ, ನಮಗಲ್ಲ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಹಾಗಾಗಿ ಅಲ್ಲಿಯ ಆರ್ಕೈವ್ಸ್‌ಗೆ ರೈಲಿನಲ್ಲಿ ಹೋಗಿ ಬರುವುದಕ್ಕೂ ವೀಸಾ ಬೇಕೇ ಬೇಕು. ಫೀಸು ನೂರು ಪೌಂಡಿಗಿಂತ ಜಾಸ್ತಿ, ವಾಪಸ್ ಬರುವುದಿಲ್ಲ. ಕಂಪನಿಯ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಯಾಕೆ ಹೋಗುತ್ತಿದ್ದೇನೆ ಅನ್ನುವ ಪತ್ರ ಎಲ್ಲ ಸೇರಿಸಿದೆ. ಲೈಬ್ರರಿಯಿಂದ ಬಂದ ಇಮೇಲ್ ಕೂಡ ಇಟ್ಟೆ. ಪಾಸ್‌ಪೋರ್ಟ್ ಕೈಯಿಂದ ಹೋಗಿರುವ ಆ ವಾರಗಳಲ್ಲಿ ಒಂಥರಾ ಚಡಪಡಿಕೆ. ಊರಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಹೊರಡುವುದು ಹೇಗೆ ಅಂತ ರಾತ್ರಿ ಯೋಚನೆ ಬರುತ್ತಿತ್ತು. ವೀಸಾ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಮಾಡಲಿಲ್ಲ, ನೀವೂ ಮಾಡಬೇಡಿ.

ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ, "ಯಾರೋ ಬರೆದ ಕಾಗದ ಓದಾಕ ಅಷ್ಟು ದುಡ್ಡು ಕೊಟ್ಟು ಲಂಡನ್ನಿಗೆ ಹೋಗಬೇಕೇನವ್ವ?" ಅಂದರು. ಬೋಯರ್ ಕೈದಿಗಳ ಕಥೆ, ಬಳ್ಳಾರಿಯ ಕಥೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಹೋಗಿ ಬಾ. ಆಕಿ ಏನು ಬರದಾಳ ನನಗೂ ಹೇಳು" ಅಂದರು.

ಲಂಡನ್‌ನ ಓದುಕೋಣೆಗೂ ಮೊದಲೇ ಹೆಸರು ಕೊಟ್ಟು ಜಾಗ ಕಾದಿರಿಸಬೇಕು, ಫೈಲಿನ ನಂಬರ್ ಕೊಡಬೇಕು. ಪೋರ್ಚುಗಲ್ ಸ್ಟ್ರೀಟ್‌ನಲ್ಲಿರುವ ಈ ಲೈಬ್ರರಿಯನ್ನು 1896ರಲ್ಲಿ ಕಟ್ಟಿದವರಲ್ಲಿ ಬೀಟ್ರಿಸ್ ವೆಬ್ ಮತ್ತು ಸಿಡ್ನಿ ವೆಬ್ ಇದ್ದರು. ಥೇಮ್ಸ್ ನದಿ ದಂಡೆಯ ಗ್ರೊವೆನರ್ ರೋಡ್‌ನಲ್ಲಿ ವೆಬ್ ದಂಪತಿಯ ಮನೆ 41ನೇ ನಂಬರ್. ಅಲೀಸ್ ಅದೇ ಬೀದಿಯಲ್ಲಿ 36ರಲ್ಲಿ ಇದ್ದರು. ನೆರೆಮನೆಯವರು ಕಟ್ಟಿದ ಲೈಬ್ರರಿಯಲ್ಲಿ ಅವರ ಕಾಗದ ಓದಲು ಕೂತಿದ್ದು ನನಗೆ ಬಹಳ ಹಿತವೆನಿಸಿತು.

ಫೈಲು ತೆರೆದಾಗ ಕೊನೆಗೂ ಅವರ ಕೈಬರಹ. ಅಷ್ಟು ದಿನ ಬೇರೆಯವರು ಅವರನ್ನು ಕರೆಯುವುದನ್ನೇ ಓದಿದ್ದೆ, ಈಗ ಅವರೇ ಬರೆದಿದ್ದರು. ಕಣ್ಣಿನ ತೊಂದರೆ ಅನುಭವಿಸಿದವರು, ವರ್ಷಗಟ್ಟಲೆ ಗಂಡನಿಗಾಗಿ ಬರೆದವರು, ಇಷ್ಟು ಜನರಿಗೆ ಇಷ್ಟು ಕಾಗದ ಬರೆದದ್ದು ಹೇಗೆ ಅಂತ ಆಶ್ಚರ್ಯವಾಯಿತು. ಮೊದಲ ಹಾಳೆಯನ್ನು ತಕ್ಷಣ ನಕಲು ಮಾಡಿಕೊಳ್ಳಲಿಲ್ಲ. ಸುಮ್ನೆ ನೋಡುತ್ತಾ ಕೂತೆ.

ಇಲ್ಲಿ ತಾರೀಖಿನ ಸಮಸ್ಯೆಗೆ ಒಂದು ಒಳ್ಳೆಯ ದಾರಿ ಇದೆ. ಕಾಗದದ ಮೇಲೆ ಅವರ ವಿಳಾಸ ಇದ್ದರೆ ಅರ್ಧ ಕೆಲಸ ಆದ ಹಾಗೆ. ಮೊದಲು ಕೆನ್ಸಿಂಗ್ಟನ್ ಸ್ಕ್ವೇರ್, ಆಮೇಲೆ ಗ್ರೊವೆನರ್ ರೋಡ್, 1918ರ ನಂತರ ಸೇಂಟ್ ಸ್ಟೀವನ್ಸ್ ಗ್ರೀನ್. ವರ್ಷ ಬರೆಯದ ಕಾಗದವನ್ನೂ ಇದರಿಂದ ಸುಮಾರಾಗಿ ಜಾಗಕ್ಕೆ ಕೂರಿಸಬಹುದು. ಗ್ರೊವೆನರ್ ರೋಡ್ ಅಂತ ಕಂಡಾಗಲೆಲ್ಲ ನನಗೆ 1914ರ ಮೇ ತಿಂಗಳು ನೆನಪಾಗುತ್ತಿತ್ತು. ಐರಿಷ್ ವಾಲಂಟಿಯರ್ಸ್ ಎಂಬ ರಾಷ್ಟ್ರವಾದಿ ಸ್ವಯಂಸೇವಕ ಪಡೆಗೆ ಬಂದೂಕು ತರಿಸುವ ಗುಟ್ಟಿನ ಸಭೆ ನಡೆದದ್ದು ಆ ಮನೆಯಲ್ಲೇ, ಸಮಿತಿಯ ಅಧ್ಯಕ್ಷತೆ ಅಲೀಸ್ ಅವರದು. ಜುಲೈ 26ರಂದು ಬಂದೂಕುಗಳು ಡಬ್ಲಿನ್ ಪಕ್ಕದ ಹೌತ್ ಬಂದರಿಗೆ ಬಂದಿಳಿದವು. ಗ್ರಂಥಾಲಯ, ಕೈದಿಗಳ ಶಿಬಿರ, ಬಂದೂಕು ಸಭೆ ಇವೆಲ್ಲ ಒಬ್ಬರೇ ಹೆಂಗಸಿನ ಬದುಕಿನಲ್ಲಿ ಹೇಗೆ ಒಂದಕ್ಕೊಂದು ಸೇರಿದವು ಅನ್ನುವುದು ಅವರ ಪುಸ್ತಕಗಳನ್ನು ಓದಿದರೆ ತಿಳಿಯುವುದಿಲ್ಲ. ಪತ್ರಗಳಲ್ಲಿ ತಿಳಿಯುತ್ತದೆ. ಕಿಂಗ್ಸ್‌ಲಿಯಿಂದ ಕೈದಿಗಳು, ಅಲ್ಲಿಂದ ಮೊರೆಲ್, ಮೊರೆಲ್ ಕಡೆಯಿಂದ ಕೇಸ್‌ಮೆಂಟ್, ಅವರಿಂದ ಮತ್ತೆ ಐರ್ಲೆಂಡ್. ಒಬ್ಬೊಬ್ಬ ಸ್ನೇಹಿತರೂ ಮುಂದಿನ ದಾರಿ ತೋರಿಸಿದ್ದಾರೆ.

ಕಾಪಿರೈಟ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಪತ್ರದ ಕಾಗದ ಯಾರ ಹತ್ತಿರ ಇದೆಯೋ ಅವರದಲ್ಲ ಹಕ್ಕು, ಬರೆದವರದು. ಐರ್ಲೆಂಡಿನಲ್ಲಿ ಬರೆದವರು ಸತ್ತ 70 ವರ್ಷದವರೆಗೆ ಅದು ಇರುತ್ತದೆ. ಅಲೀಸ್ 1929ರಲ್ಲಿ ತೀರಿಕೊಂಡರು, ಕೇಸ್‌ಮೆಂಟ್ 1916ರಲ್ಲಿ. ಆದ್ದರಿಂದ ಇಲ್ಲಿ ತೊಂದರೆಯಿಲ್ಲ. ಅವರ ಸ್ನೇಹಿತರಾದ ಬುಲ್ಮರ್ ಹಾಬ್ಸನ್ 1969ರವರೆಗೆ ಬದುಕಿದ್ದರು, ಅವರ ಪತ್ರ ಪೂರ್ತಿ ಅಚ್ಚು ಹಾಕುವ ಹಾಗಿಲ್ಲ. ಬ್ರಿಟನ್‌ನಲ್ಲಿ ಇನ್ನೂ ಬೇರೆ. ಎಂದೂ ಅಚ್ಚಾಗದ ಹಳೆಯ ಪತ್ರಗಳಿಗೆ ಅಲ್ಲಿ 2039ರ ಕೊನೆಯವರೆಗೂ ಕಾಪಿರೈಟ್ ಉಳಿದಿರುತ್ತದೆ. ಓದಲು, ನೋಟ್ಸ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಅಚ್ಚು ಹಾಕುವ ಮುಂಚೆ ಆಯಾ ಲೈಬ್ರರಿಯನ್ನು ಕೇಳಿ.

ಡಬ್ಲಿನ್‌ಗೆ ಬಂದ ಮೇಲೆ ನೋಡಲೇಬೇಕಾದ ಇನ್ನೊಂದು ವಸ್ತು ಇದೆ. 1922ರಲ್ಲಿ ಹೊಸ ದೇಶವಾದ ಐರ್ಲೆಂಡಿನ ಮೊದಲ ಸೆನೆಟ್‌ಗೆ, ಅಂದರೆ ಸಂಸತ್ತಿನ ಮೇಲ್ಮನೆಗೆ, ಬಂದ ನಾಲ್ವರು ಮಹಿಳೆಯರಲ್ಲಿ ಅಲೀಸ್ ಒಬ್ಬರು. 1924ರಲ್ಲಿ ಅವರು ಸೆನೆಟ್‌ಗೆ ಒಂದು ಲೋಹದ ಪೆಟ್ಟಿಗೆ ಕೊಟ್ಟರು, ಸೆನೆಟರ್‌ಗಳ ಹೆಸರಿರುವ ಹಾಳೆ ಇಡುವುದಕ್ಕೆ. ಮಿಯಾ ಕ್ರಾನ್‌ವಿಲ್ ಎಂಬ ಕಲಾವಿದೆ ಹಳೆಯ ಐರಿಷ್ ಶೈಲಿಯಲ್ಲಿ ಮಾಡಿದ್ದು. ಈಗ ಅದು ಡಾಸನ್ ಸ್ಟ್ರೀಟ್‌ನ ರಾಯಲ್ ಐರಿಷ್ ಅಕಾಡೆಮಿಯದು. ನ್ಯಾಷನಲ್ ಲೈಬ್ರರಿಯಿಂದ ನಡೆದು ಹೋಗುವಷ್ಟು ಹತ್ತಿರ. ಅದನ್ನು ಯಾವಾಗ ನೋಡಬಹುದು ಅಂತ ಕೇಳಿಕೊಂಡು ಹೋಗಿ.

ಈಗ ನನ್ನ ಹತ್ತಿರ ನಕಲು ಮಾಡಿದ ನೋಟ್‌ಬುಕ್ಕುಗಳಿವೆ. ಅಮ್ಮನಿಗೆ ವಾರಕ್ಕೊಂದು ಪತ್ರದ ಸಾರಾಂಶವನ್ನು ಫೋನಿನಲ್ಲಿ ಹೇಳುತ್ತಿದ್ದೇನೆ. ಮುಂದಿನ ಕೆಲಸ ಬಳ್ಳಾರಿಯ ಕಡೆಯದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಬೋಯರ್ ಶಿಬಿರದ ಕಾಗದಗಳನ್ನು ಚೆನ್ನೈನ ಆರ್ಕೈವ್ಸ್‌ನಲ್ಲಿ ಹುಡುಕಿ ನೋಡಬೇಕು ಅಂತಿದ್ದೇನೆ. ಅಲ್ಲಿ ಓದಲು ಏನೇನು ಕಾಗದ ಬೇಕು, ಹೊರಗಿನವರಿಗೆ ಪರವಾನಗಿ ಹೇಗೆ ಸಿಗುತ್ತದೆ ಅಂತ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇನೆ.